ಸಹವೃತ್ತಿಯವರಿಗೆ ತರಬೇತಿ: ಶುಲ್ಕ ಪಡೆಯಬೇಕೆ, ಬೇಡವೆ?

ವಿಮಾನ ಹಾರಾಟವನ್ನು ಕಲಿಸುವ ಶಿಕ್ಷಕನಿಗೂ ಕಲಿಕೆ ಮುಗಿಯುವುದಿಲ್ಲ. ಹೊಸ ಮಾದರಿಯ ವಿಮಾನವನ್ನು ನಡೆಸಬೇಕಾದಾಗ, ಹೊಸ ಉಪಕರಣಗಳನ್ನು ಅರಿಯಬೇಕಾದಾಗ, ಇಲ್ಲವೆ ಕಾಲಕಾಲಕ್ಕೆ ತನ್ನ ಕೌಶಲವನ್ನು ಪರೀಕ್ಷೆಗೆ ಒಡ್ಡಬೇಕಾದಾಗ ಅವನೂ ಇನ್ನೊಬ್ಬ ಶಿಕ್ಷಕನ ಪಕ್ಕದಲ್ಲಿ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಬೇಕಾಗುತ್ತದೆ. ಅಮೆರಿಕದಲ್ಲಿ ಪೈಲಟ್ ಪರವಾನಗಿ ಉಳ್ಳವರು ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ ಅಧಿಕೃತ ಶಿಕ್ಷಕರೊಡನೆ ಪರಿಶೀಲನೆಯ ಹಾರಾಟ ನಡೆಸಬೇಕೆಂಬ ನಿಯಮವಿದೆ. ಆಗ ಹುಟ್ಟುವ ಪ್ರಶ್ನೆ ಸರಳವಾದುದು. ಇಬ್ಬರೂ ಒಂದೇ ವೃತ್ತಿಯವರು. ಇಂದು ಕಲಿಸುವವನು ನಾಳೆ ಅದೇ ಮಿತ್ರನಿಂದ ಕಲಿಯಬೇಕಾದವನು. ಹೀಗಿರುವಾಗ ಕಲಿಸಿದ ಗಂಟೆಗಳಿಗೆ ಶುಲ್ಕ ಕೇಳುವುದು ಉಚಿತವೆ? ಕೇಳದಿರುವುದು ವಿವೇಕವೆ?

ಕರ್ನಾಟಕದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹಳೆಯದು. 2021ರಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗಾಗಿ ದೇಶದಲ್ಲಿ ಆಯ್ಕೆಯಾದ ಐದು ವಿಮಾನ ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ಸೇರಿದ್ದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ವರ್ತಕರಿಗೆ ವಿಮಾನದ ಮಾತು ದೂರದ್ದೆನಿಸಬಹುದು. ಆದರೆ ಪ್ರಶ್ನೆ ದೂರದ್ದಲ್ಲ. ಈ ಐದು ಊರುಗಳಲ್ಲಿ ವಾಹನ ಚಾಲನಾ ಶಾಲೆ ನಡೆಸುವವರು, ಮೋಟಾರ್ ವೈಂಡಿಂಗ್ ಮಾಡುವವರು, ಮಂಡಕ್ಕಿ ಭಟ್ಟಿಯವರು, ಶೇಂಗಾ ಎಣ್ಣೆ ಗಿರಣಿಯವರು, ವೆಲ್ಡಿಂಗ್ ಶಾಪಿನವರು, ಹೊಲಿಗೆ ಮತ್ತು ಕಂಪ್ಯೂಟರ್ ತರಬೇತಿ ಕೇಂದ್ರದವರು ತಮ್ಮ ಕಸುಬಿನ ಬಹುಭಾಗವನ್ನು ಅದೇ ಕಸುಬಿನ ಇನ್ನೊಬ್ಬರಿಂದಲೇ ಕಲಿತವರು. ಆ ಕಲಿಕೆಯ ಬೆಲೆ ಎಷ್ಟು, ಅದನ್ನು ಯಾರು ಭರಿಸಿದರು ಎಂಬ ಲೆಕ್ಕವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಆ ಲೆಕ್ಕವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಶುಲ್ಕ ಬೇಡವೆನ್ನುವ ಸಂಪ್ರದಾಯ

ಸಹವೃತ್ತಿಯವರಿಂದ ಹಣ ಪಡೆಯಬಾರದೆಂಬ ಭಾವನೆಗೆ ದೀರ್ಘ ಇತಿಹಾಸವಿದೆ. ಪ್ರಾಚೀನ ಗ್ರೀಸಿನ ವೈದ್ಯರ ಪ್ರತಿಜ್ಞೆಯಲ್ಲಿಯೇ ಗುರುವಿನ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆ ಕಲಿಸುವ ಮಾತಿದೆ. ಭಾರತದಲ್ಲಿ 2002ರ ವೈದ್ಯಕೀಯ ಪರಿಷತ್ತಿನ ವೃತ್ತಿ ನಡವಳಿಕೆಯ ನಿಬಂಧನೆಗಳು, ಇನ್ನೊಬ್ಬ ವೈದ್ಯನಿಗೂ ಅವನ ಅವಲಂಬಿತ ಕುಟುಂಬದವರಿಗೂ ಉಚಿತವಾಗಿ ಸೇವೆ ಸಲ್ಲಿಸುವುದನ್ನು ವೈದ್ಯನು ಸಂತೋಷವೆಂದೂ ಗೌರವವೆಂದೂ ಭಾವಿಸಬೇಕೆಂದು ಹೇಳುತ್ತವೆ. ಒಂದು ವೃತ್ತಿಯ ಸೌಜನ್ಯವು ಹೀಗೆ ಲಿಖಿತ ನಿಬಂಧನೆಯ ರೂಪ ತಳೆದಿರುವುದು ಗಮನಾರ್ಹ.

ನಮ್ಮ ಬಯಲುಸೀಮೆಯ ರೈತರಲ್ಲಿ ಇದಕ್ಕೆ ಇನ್ನೂ ಹಳೆಯ ಹೆಸರಿದೆ: ಮುಯ್ಯಾಳು. ಬಿತ್ತನೆ ಅಥವಾ ಶೇಂಗಾ ಕೀಳುವ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗುವುದು, ಅವರ ಸರದಿ ಬಂದಾಗ ಅಷ್ಟೇ ದಿನ ಹಿಂದಿರುಗಿಸುವುದು. ಹಣ ಕೈ ಬದಲಾಗುವುದಿಲ್ಲ, ಆದರೆ ಲೆಕ್ಕ ಇಲ್ಲವೆಂದಲ್ಲ. ಎಷ್ಟು ಆಳು, ಎಷ್ಟು ದಿನ ಎಂಬುದನ್ನು ಇಬ್ಬರೂ ನೆನಪಿಟ್ಟಿರುತ್ತಾರೆ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ವರ್ಷ ಯಾರೂ ಹೋಗುವುದಿಲ್ಲ. ಈ ಪದ್ಧತಿ ನಿಂತಿರುವುದು ಎರಡು ಆಧಾರಗಳ ಮೇಲೆ. ಕೊಡುವುದೂ ಪಡೆಯುವುದೂ ಹೆಚ್ಚುಕಡಿಮೆ ಸಮನಾಗಿರಬೇಕು. ಕೊಡುವವನು ಕೊಡುತ್ತಿರುವುದು ತನ್ನದೇ ಶ್ರಮವಾಗಿರಬೇಕು.

ಈ ಎರಡು ಆಧಾರಗಳಲ್ಲಿ ಒಂದು ತಪ್ಪಿದರೂ ಸೌಜನ್ಯವು ಹೊರೆಯಾಗುತ್ತದೆ. ಊರಿನಲ್ಲಿ ಹೆಸರಾದ ಒಬ್ಬ ಕುಶಲಕರ್ಮಿಯ ಬಳಿಗೆ ಹತ್ತು ಜನ ಕಲಿಯಲು ಬಂದರೆ ಆತನಿಗೆ ಹಿಂದಿರುಗಿ ಕಲಿಸುವವರು ಯಾರೂ ಇರುವುದಿಲ್ಲ. ಆಗ ಮುಯ್ಯಿ ಒಂದೇ ದಿಕ್ಕಿಗೆ ಹರಿಯುತ್ತದೆ.

ವೆಚ್ಚದ ಮೂರು ಪದರಗಳು

ತರಬೇತಿಯ ಬೆಲೆಯನ್ನು ಒಂದೇ ಮೊತ್ತವಾಗಿ ನೋಡಿದರೆ ನಿರ್ಧಾರ ಕಠಿಣವಾಗುತ್ತದೆ. ಅದನ್ನು ಮೂರು ಪದರಗಳಾಗಿ ಬಿಡಿಸಿದರೆ ಉತ್ತರ ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲನೆಯದು ಕೈಯಿಂದ ಹೊರಹೋಗುವ ಖರ್ಚು: ಇಂಧನ, ಕಚ್ಚಾ ಸರಕು, ವಿದ್ಯುತ್, ಯಂತ್ರದ ಸವಕಳಿ. ಎರಡನೆಯದು ಸಮಯದ ಬೆಲೆ: ಕಲಿಸುವವನ ಮತ್ತು ಅವನ ನೌಕರರ ಗಂಟೆಗಳು. ಮೂರನೆಯದು ಅನುಭವದ ಬೆಲೆ: ಹತ್ತಾರು ವರ್ಷ ನಷ್ಟ ತಿಂದು ಕಲಿತ ಹದ. ವಿಮಾನ ಶಿಕ್ಷಕನ ಉದಾಹರಣೆಯಲ್ಲಿ ಇದು ಢಾಳಾಗಿ ಕಾಣುತ್ತದೆ. ಅವನು ತನ್ನ ಗಂಟೆಯ ಗೌರವಧನವನ್ನು ಬಿಟ್ಟುಕೊಡಬಹುದು. ಆದರೆ ವಿಮಾನ ಸಾಮಾನ್ಯವಾಗಿ ಸಂಸ್ಥೆಯದು. ಇಂಧನ, ವಿಮೆ, ನಿರ್ವಹಣೆಯ ವೆಚ್ಚವೂ ಸಂಸ್ಥೆಯದು. ಅದನ್ನು ಬಿಟ್ಟುಕೊಡುವ ಅಧಿಕಾರ ಅವನಿಗಿಲ್ಲ.

ಈ ಮಾತು ಪಾಲುದಾರಿಕೆಯ ಗಿರಣಿಗೂ ಅಷ್ಟೇ ಅನ್ವಯಿಸುತ್ತದೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಕಲಂ 9ರಂತೆ ಪಾಲುದಾರರು ಸಂಸ್ಥೆಯ ವ್ಯವಹಾರವನ್ನು ಎಲ್ಲರ ಗರಿಷ್ಠ ಸಮಾನ ಹಿತಕ್ಕಾಗಿ ನಡೆಸಲು ಬದ್ಧರು. ಒಬ್ಬ ಪಾಲುದಾರನು ತನ್ನ ಸ್ನೇಹಕ್ಕಾಗಿ ಸಂಸ್ಥೆಯ ಯಂತ್ರವನ್ನೂ ಕೂಲಿಯವರನ್ನೂ ಒಂದು ವಾರ ಉಚಿತವಾಗಿ ಒದಗಿಸಿದರೆ, ಉಳಿದ ಪಾಲುದಾರರು ಪ್ರಶ್ನಿಸುವುದು ನ್ಯಾಯವೇ ಆಗಿದೆ. ತನ್ನದನ್ನು ಬಿಡುವುದು ಔದಾರ್ಯ; ಇತರರದನ್ನು ಬಿಡುವುದಕ್ಕೆ ಇತರರ ಒಪ್ಪಿಗೆ ಬೇಕು.

ಚಾಲನಾ ಶಾಲೆಯ ಒಂದು ಲೆಕ್ಕ

ಐದು ತಾಲ್ಲೂಕುಗಳಲ್ಲಿ ವಿಮಾನ ಶಿಕ್ಷಕನಿಗೆ ಅತ್ಯಂತ ಸಮೀಪದ ವೃತ್ತಿಯೆಂದರೆ ವಾಹನ ಚಾಲನಾ ಶಿಕ್ಷಕನದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಶಾಲೆಗೆ ಪರವಾನಗಿಯನ್ನು ಕಡ್ಡಾಯ ಮಾಡಿವೆ. ತರಬೇತಿ ವಾಹನಕ್ಕೆ ಜೋಡಿ ನಿಯಂತ್ರಣ ಇರಬೇಕೆಂದೂ, ಶಿಕ್ಷಕನಿಗೆ ನಿಗದಿತ ವಿದ್ಯಾರ್ಹತೆ, ಚಾಲನಾ ಅನುಭವ ಮತ್ತು ಯಂತ್ರಜ್ಞಾನದ ಪ್ರಮಾಣಪತ್ರ ಇರಬೇಕೆಂದೂ ವಿಧಿಸಿವೆ. ಸಾರಿಗೆ ವಾಹನದ ಪರವಾನಗಿಗೆ ಶಾಲೆಯು ನೀಡುವ 5ನೇ ನಮೂನೆಯ ಪ್ರಮಾಣಪತ್ರ ಬೇಕಾಗುತ್ತದೆ. ಆದುದರಿಂದ ಲಘು ವಾಹನ ಮಾತ್ರ ಕಲಿಸುವ ಶಾಲೆಯ ಶಿಕ್ಷಕನೊಬ್ಬ ಭಾರಿ ವಾಹನವನ್ನು ಕಲಿಯಬೇಕೆಂದಾದರೆ ಇನ್ನೊಂದು ಶಾಲೆಯ ಬಾಗಿಲಿಗೆ ಹೋಗಲೇಬೇಕು.

ಕೇವಲ ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಊಹಿಸೋಣ. ಹಗರಿಬೊಮ್ಮನಹಳ್ಳಿಯ ಶಿಕ್ಷಕನು ಹರಪನಹಳ್ಳಿಯ ಶಾಲೆಯಲ್ಲಿ 15 ಗಂಟೆ ಭಾರಿ ವಾಹನ ಕಲಿಯುತ್ತಾನೆ. ಗಂಟೆಗೆ ಡೀಸೆಲ್, ಟೈರು, ದುರಸ್ತಿ ಸೇರಿ ರೂ. 450, ಶಾಲೆಯ ಶಿಕ್ಷಕನ ಸಂಬಳದ ಪಾಲು ರೂ. 150, ವಿಮೆ, ರಸ್ತೆ ತೆರಿಗೆ, ಸಾಲದ ಬಡ್ಡಿಯ ಪಾಲು ರೂ. 100 ಎಂದಿಟ್ಟುಕೊಳ್ಳೋಣ. ಒಟ್ಟು ವೆಚ್ಚ ರೂ. 6,750, ರೂ. 2,250 ಮತ್ತು ರೂ. 1,500 ಸೇರಿ ರೂ. 10,500. ಸಾರ್ವಜನಿಕರಿಂದ ಪಡೆಯುವ ಶುಲ್ಕ ರೂ. 14,000 ಎಂದಾದರೆ ಉಳಿಯುವುದು ರೂ. 3,500.

ಈಗ ಈ ಶಿಕ್ಷಕನಿಗೆ ಪೂರ್ಣ ಉಚಿತವಾಗಿ ಕಲಿಸಿದರೆ ನಷ್ಟ ಎಷ್ಟು? ವಾಹನ ಖಾಲಿ ನಿಂತಿರುವ ತಿಂಗಳಾದರೆ ಸಂಬಳ, ವಿಮೆ, ಬಡ್ಡಿ ಹೇಗಿದ್ದರೂ ಕೊಡಲೇಬೇಕಾದವು. ಹೆಚ್ಚುವರಿಯಾಗಿ ಕೈಬಿಡುವುದು ರೂ. 6,750 ಮಾತ್ರ. ಬೇಡಿಕೆ ಹೆಚ್ಚಿರುವ ತಿಂಗಳಾದರೆ, ಅದೇ ಗಂಟೆಗಳಲ್ಲಿ ಹಣ ಕೊಡುವ ವಿದ್ಯಾರ್ಥಿಯನ್ನು ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಆಗ ಕೈತಪ್ಪುವ ಆದಾಯ ಪೂರ್ತಿ ರೂ. 14,000. ಒಂದೇ ಉಪಕಾರದ ಬೆಲೆ ಋತುವಿಗನುಗುಣವಾಗಿ ಇಮ್ಮಡಿಗಿಂತ ಹೆಚ್ಚು ಬದಲಾಗುತ್ತದೆ. ಖಾಲಿ ತಿಂಗಳಿನಲ್ಲಿ ರೂ. 6,750 ಮಾತ್ರ ಪಡೆದು ಕಲಿಸಿದರೆ ಶಾಲೆಗೆ ನಷ್ಟವಿಲ್ಲ, ಸಹವೃತ್ತಿಯವನಿಗೆ ರೂ. 7,250 ಉಳಿತಾಯ. ಸೌಜನ್ಯ ತೋರಲು ಶುಲ್ಕವನ್ನು ಸೊನ್ನೆಗೆ ಇಳಿಸಬೇಕಿಲ್ಲ. ಕಾಲವನ್ನು ಸರಿಯಾಗಿ ಆರಿಸಿದರೂ ಸಾಕು.

ಉಚಿತದಲ್ಲಿ ಅಡಗಿರುವ ಅಪಾಯ

ಹಣದ ನಷ್ಟಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಶುಲ್ಕ ಪಡೆಯದವನು ಕಟ್ಟುನಿಟ್ಟಾಗಿರಲು ಹಿಂಜರಿಯುತ್ತಾನೆ. ಶುಲ್ಕ ಕೊಡದವನು ಇನ್ನೆರಡು ಗಂಟೆ ಹೆಚ್ಚಾಗಿ ಕಲಿಸೆಂದು ಕೇಳಲು ಸಂಕೋಚಪಡುತ್ತಾನೆ. ಕೊನೆಗೆ 15 ಗಂಟೆಯ ತರಬೇತಿ 8 ಗಂಟೆಗೆ ಮುಗಿದು, ಪ್ರಮಾಣಪತ್ರದಲ್ಲಿ ಮಾತ್ರ 15 ಎಂದು ಬರೆಯುವ ಪ್ರಸಂಗ ಬರುತ್ತದೆ. ಇದನ್ನು ಉಪಚಾರದ ಸಹಿ ಎನ್ನಬಹುದು. 2011ರಲ್ಲಿ ದೇಶದ ವಿಮಾನಯಾನ ಕ್ಷೇತ್ರದಲ್ಲಿ ಪೈಲಟ್ ಪರವಾನಗಿಗಾಗಿ ಸಲ್ಲಿಸಿದ ನಕಲಿ ಅಂಕಪಟ್ಟಿಗಳ ಪ್ರಕರಣಗಳು ಬೆಳಕಿಗೆ ಬಂದಾಗ ಸಾರ್ವಜನಿಕರಲ್ಲಿ ಉಂಟಾದ ಆತಂಕವನ್ನು ನೆನೆದರೆ, ಕಾಗದದ ಮೇಲಿನ ಒಂದು ಸುಳ್ಳು ಎಷ್ಟು ಜನರ ಪ್ರಾಣಕ್ಕೆ ಸಂಬಂಧಿಸಿದ್ದೆಂಬುದು ಮನದಟ್ಟಾಗುತ್ತದೆ. ಭಾರಿ ವಾಹನ ಕಲಿಸುವವನೇ ಅರ್ಧ ಕಲಿತವನಾದರೆ, ಅವನ ಬಳಿ ಕಲಿತ ಪ್ರತಿಯೊಬ್ಬ ಚಾಲಕನೂ ಅರ್ಧ ಕಲಿತವನಾಗಿಯೇ ಹೆದ್ದಾರಿಗೆ ಇಳಿಯುತ್ತಾನೆ.

ಲೆಕ್ಕ ಪರಿಶೋಧಕರ ವೃತ್ತಿಯಲ್ಲಿ ಇದಕ್ಕೆ ಬೇರೊಂದು ಕ್ರಮವಿದೆ. ಒಂದು ಲೆಕ್ಕ ಪರಿಶೋಧನಾ ಸಂಸ್ಥೆಯ ಕಾರ್ಯವಿಧಾನವನ್ನು ಇನ್ನೊಬ್ಬ ಲೆಕ್ಕ ಪರಿಶೋಧಕರು ಪರಿಶೀಲಿಸುವ ವ್ಯವಸ್ಥೆಯಲ್ಲಿ, ಪರಿಶೀಲನೆಯ ವೆಚ್ಚವನ್ನು ಪರಿಶೀಲನೆಗೆ ಒಳಗಾಗುವ ಸಂಸ್ಥೆಯೇ ಭರಿಸುತ್ತದೆ. ಸಹವೃತ್ತಿಯವರೆಂಬ ಕಾರಣಕ್ಕೆ ಅದನ್ನು ಉಚಿತ ಮಾಡಿಲ್ಲ. ಪರಿಶೀಲಿಸುವವನು ಪೂರ್ಣ ಸಮಯ ಕೊಡಲಿ, ಕಂಡ ದೋಷವನ್ನು ನಿಸ್ಸಂಕೋಚವಾಗಿ ಬರೆಯಲಿ ಎಂಬ ಆಶಯಕ್ಕೆ ಇದು ಅನುಕೂಲ. ಪ್ರಮಾಣಪತ್ರ ಅಥವಾ ಸಹಿಯಿಂದ ಮುಗಿಯುವ ಯಾವುದೇ ತರಬೇತಿಗೆ ಈ ಕ್ರಮವೇ ಯೋಗ್ಯ. ಪ್ರಮಾಣಪತ್ರವಿಲ್ಲದ ಸಲಹೆ, ಒಂದು ಸಂಜೆಯ ಮಾರ್ಗದರ್ಶನ, ಕೆಟ್ಟ ಯಂತ್ರವನ್ನು ನೋಡಿ ಹೇಳುವ ಎರಡು ಮಾತು, ಇವುಗಳಿಗೆ ಶುಲ್ಕ ಕೇಳುವ ಅಗತ್ಯವಿಲ್ಲ.

ಜಿಎಸ್‌ಟಿ ದೃಷ್ಟಿಯಲ್ಲಿ ಉಚಿತ, ರಿಯಾಯಿತಿ ಮತ್ತು ಮುಯ್ಯಿ

ವರ್ತಕರು ಹೆಚ್ಚಾಗಿ ಎಡವುವ ಭಾಗವಿದು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಕಲಂ 7ರಲ್ಲಿ ‘ಪೂರೈಕೆ’ ಎಂಬ ಪದವು ಮಾರಾಟವನ್ನಷ್ಟೇ ಅಲ್ಲದೆ ವಿನಿಮಯವನ್ನೂ ಅದಲುಬದಲನ್ನೂ ಒಳಗೊಂಡಿದೆ. ಪ್ರತಿಫಲವು ಹಣದ ರೂಪದಲ್ಲೇ ಇರಬೇಕೆಂದಿಲ್ಲ. ಇದರಿಂದ ನಾಲ್ಕು ಸನ್ನಿವೇಶಗಳು ಒದಗುತ್ತವೆ.

1. ಪೂರ್ಣ ಉಚಿತ: ಸಂಬಂಧಿಯಲ್ಲದ ಸಹವೃತ್ತಿಯವನಿಗೆ ಏನನ್ನೂ ಪಡೆಯದೆ ಕಲಿಸಿದರೆ ಪ್ರತಿಫಲವಿಲ್ಲ, ಸಾಮಾನ್ಯವಾಗಿ ತೆರಿಗೆಯೂ ಇಲ್ಲ. ಆದರೆ ಸದರಿ ಕಾಯ್ದೆಯ 1ನೇ ಅನುಸೂಚಿಯಂತೆ ಸಂಬಂಧಿತ ವ್ಯಕ್ತಿಗಳ ನಡುವೆ ವ್ಯವಹಾರದ ಅಂಗವಾಗಿ ನಡೆದ ಸೇವೆಯು ಪ್ರತಿಫಲವಿಲ್ಲದಿದ್ದರೂ ಪೂರೈಕೆಯೇ. ಪತಿ, ಪತ್ನಿ, ಮಕ್ಕಳು ಈ ವ್ಯಾಖ್ಯೆಯಲ್ಲಿ ಬರುತ್ತಾರೆ. ತಂದೆ, ತಾಯಿ, ಅಣ್ಣ, ತಮ್ಮ ಮುಂತಾದವರು ಪೂರ್ಣವಾಗಿ ಅಥವಾ ಮುಖ್ಯವಾಗಿ ಅವಲಂಬಿತರಾಗಿದ್ದರೆ ಮಾತ್ರ ಬರುತ್ತಾರೆ. ಪಾಲುದಾರರೂ ಪರಸ್ಪರ ಸಂಬಂಧಿತರೇ.

2. ರಿಯಾಯಿತಿ ಶುಲ್ಕ: ಸಂಬಂಧಿಯಲ್ಲದವರ ನಡುವೆ, ಹಣವೊಂದೇ ಪ್ರತಿಫಲವಾಗಿದ್ದರೆ, ವಾಸ್ತವವಾಗಿ ಪಡೆದ ಮೊತ್ತವೇ ತೆರಿಗೆಯ ಮೌಲ್ಯ. ಮೇಲಿನ ಉದಾಹರಣೆಯಲ್ಲಿ ರೂ. 6,750 ಪಡೆದ ನೋಂದಾಯಿತ ಶಾಲೆಯು ಶೇ. 18ರಂತೆ ರೂ. 1,215 ತೆರಿಗೆ ಸೇರಿಸಿ ರೂ. 7,965ರ ಬಿಲ್ಲು ಕೊಡಬೇಕು. ರೂ. 14,000ಕ್ಕೆ ಏಕೆ ತೆರಿಗೆ ಕಟ್ಟಿಲ್ಲವೆಂಬ ಪ್ರಶ್ನೆ ಬರುವುದಿಲ್ಲ.

3. ಮುಯ್ಯಿ: ‘ಈ ಸಲ ನಾನು ಕಲಿಸುತ್ತೇನೆ, ಪ್ರತಿಯಾಗಿ ನೀವು ನಮ್ಮ ಹುಡುಗರಿಗೆ ಕಲಿಸಿ’ ಎಂಬ ಒಪ್ಪಂದವಾದರೆ ಅದು ವಿನಿಮಯ. ಆಗ ಮೌಲ್ಯಮಾಪನ ನಿಯಮ 27ರಂತೆ ಮುಕ್ತ ಮಾರುಕಟ್ಟೆಯ ಬೆಲೆ ಮೊದಲು ಪರಿಗಣನೆಗೆ ಬರುತ್ತದೆ. ಇಬ್ಬರೂ ನೋಂದಾಯಿತರಾಗಿದ್ದು ಎರಡೂ ತರಬೇತಿಗಳ ಪೇಟೆ ಬೆಲೆ ರೂ. 14,000 ಆಗಿದ್ದರೆ, ಒಂದು ರೂಪಾಯಿ ಕೈ ಬದಲಾಗದಿದ್ದರೂ ಪ್ರತಿಯೊಬ್ಬರೂ ರೂ. 2,520 ತೆರಿಗೆಯ ಬಿಲ್ಲು ಮಾಡಬೇಕು. ಕಲಿತದ್ದು ಕರಾರ್ಹ ವ್ಯವಹಾರಕ್ಕೆ ಬಳಕೆಯಾದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆತು ಹೊರೆ ಸರಿದೂಗಬಹುದು. ಬಿಲ್ಲು ಮಾಡದಿದ್ದರೆ ಆ ಅನುಕೂಲವೂ ಇಲ್ಲ.

4. ಉಚಿತವಾಗಿ ಕೊಟ್ಟ ಸರಕು: ಕಲಿಯುವವನಿಗೆ ಕೊಡುಗೆಯಾಗಿ ಕೊಟ್ಟು ಕಳುಹಿಸಿದ ಸಾಮಗ್ರಿಯ ಮೇಲೆ ಹಿಂದೆ ಪಡೆದ ಕ್ರೆಡಿಟ್ ಅನ್ನು ಕಲಂ 17(5)ರಂತೆ ಹಿಂದಿರುಗಿಸಬೇಕಾಗುತ್ತದೆ.

ಹಾರಾಟ ತರಬೇತಿಯ ವಿಷಯದಲ್ಲಿ ಮಾತ್ರ ಸ್ಥಿತಿ ಬೇರೆ. ವಿಮಾನಯಾನ ಮಹಾನಿರ್ದೇಶನಾಲಯದ ಅನುಮೋದನೆ ಪಡೆದ ಸಂಸ್ಥೆಗಳು ನಡೆಸುವ ಅನುಮೋದಿತ ಕೋರ್ಸುಗಳಿಗೆ ವಿನಾಯಿತಿ ಇದೆಯೆಂದು 2024ರ ಸೆಪ್ಟೆಂಬರ್ 9ರಂದು ನಡೆದ ಜಿಎಸ್‌ಟಿ ಮಂಡಳಿಯ 54ನೇ ಸಭೆಯ ಶಿಫಾರಸಿನಂತೆ ಅಕ್ಟೋಬರಿನಲ್ಲಿ ಸುತ್ತೋಲೆ ಸ್ಪಷ್ಟಪಡಿಸಿತು. ಸಾಮಾನ್ಯ ವಾಣಿಜ್ಯ ತರಬೇತಿಗೆ ಈ ವಿನಾಯಿತಿಯನ್ನು ಎಳೆದು ತರಲಾಗದು.

ಭಟ್ಟಿಯವನ ಹತ್ತು ಸಾವಿರ ರೂಪಾಯಿ

ಶುಲ್ಕ ಪಡೆಯುವುದೇ ಸರಿಯೆಂದು ನಿರ್ಧರಿಸುವ ಮುನ್ನ ಚಿಕ್ಕ ಉದ್ದಿಮೆದಾರರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಕೊಟ್ಟೂರಿನ ಮಂಡಕ್ಕಿಗೆ ಸುತ್ತಮುತ್ತ ಹೆಸರಿದೆ. ಪ್ಯಾಕ್ ಮಾಡಿ ಲೇಬಲ್ ಹಚ್ಚದೆ ಬಿಡಿಯಾಗಿ ಮಾರುವ ಮಂಡಕ್ಕಿ ಕರಮುಕ್ತ. ಅದನ್ನು ಮಾತ್ರ ಮಾರುವ ಭಟ್ಟಿಯವನ ವಾರ್ಷಿಕ ವಹಿವಾಟು ರೂ. 60 ಲಕ್ಷವಿದ್ದರೂ ಕಲಂ 23ರಂತೆ ಅವನಿಗೆ ನೋಂದಣಿ ಬೇಕಿಲ್ಲ. ಹರಪನಹಳ್ಳಿಯಲ್ಲಿ ಹೊಸದಾಗಿ ಭಟ್ಟಿ ಹಾಕುವವನೊಬ್ಬ ಬಂದು ಹದ ಕಲಿಸಲು ಕೇಳುತ್ತಾನೆ, ಭಟ್ಟಿಯವನು ರೂ. 10,000 ಶುಲ್ಕ ಪಡೆಯುತ್ತಾನೆ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಅವನು ‘ಕೇವಲ ಕರಮುಕ್ತ ಸರಕು’ ಮಾರುವವನಾಗಿ ಉಳಿಯುವುದಿಲ್ಲ. ವ್ಯವಹಾರಕ್ಕೆ ಆನುಷಂಗಿಕವಾದ ಕಾರ್ಯವೂ ಕಾಯ್ದೆಯಲ್ಲಿ ವ್ಯವಹಾರವೇ. ನೋಂದಣಿಯ ಮಿತಿಯನ್ನು ಲೆಕ್ಕ ಹಾಕುವಾಗ ಕರಮುಕ್ತ ವಹಿವಾಟೂ ಸೇರುತ್ತದೆ. ಸೇವೆ ಒದಗಿಸುವವರಿಗೆ ಮಿತಿ ರೂ. 20 ಲಕ್ಷ. ಹೀಗಾಗಿ ರೂ. 10,000 ಶುಲ್ಕದ ಮೇಲಿನ ರೂ. 1,800 ತೆರಿಗೆಗಾಗಿ ಇಡೀ ಭಟ್ಟಿಯು ನೋಂದಣಿ, ರಿಟರ್ನ್ಸ್, ಲೆಕ್ಕಪತ್ರಗಳ ವ್ಯವಸ್ಥೆಯೊಳಗೆ ಬರಬೇಕಾಗುತ್ತದೆ.

ಕರಾರ್ಹ ಸರಕಿನ ವರ್ತಕನಿಗೂ ಇಂಥದೇ ಸ್ಥಿತಿ. ಸರಕನ್ನು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ರೂ. 40 ಲಕ್ಷದವರೆಗೆ ನೋಂದಣಿ ವಿನಾಯಿತಿ ಇದೆ. ರೂ. 32 ಲಕ್ಷ ವಹಿವಾಟಿನ ಅಂಗಡಿಯವನು ತರಬೇತಿ ಶುಲ್ಕವನ್ನು ಪಡೆದರೆ ಆ ವಿನಾಯಿತಿ ತಪ್ಪಿ, ರೂ. 20 ಲಕ್ಷದ ಮಿತಿ ಅನ್ವಯವಾಗುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರು ಮತ್ತು ತಯಾರಕರಿಗೆ ಸ್ವಲ್ಪ ಅವಕಾಶವಿದೆ: ಹಿಂದಿನ ವರ್ಷದ ರಾಜ್ಯದೊಳಗಿನ ವಹಿವಾಟಿನ ಶೇ. 10 ಅಥವಾ ರೂ. 5 ಲಕ್ಷ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ಅವರು ಸೇವೆಯನ್ನೂ ಒದಗಿಸಬಹುದು. 2025ರ ಜುಲೈನಲ್ಲಿ ಯುಪಿಐ ಮೂಲಕ ಪಡೆದ ಮೊತ್ತಗಳ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ತಲುಪಿದ್ದನ್ನು ವರ್ತಕರು ಮರೆತಿರಲಾರರು. ಖಾತೆಗೆ ಬಂದ ಹಣ ಯಾವುದಕ್ಕಾಗಿ ಬಂದುದೆಂದು ಹೇಳಲು ದಾಖಲೆ ಇಲ್ಲದಿದ್ದರೆ ಸಣ್ಣ ಮೊತ್ತವೂ ದೊಡ್ಡ ವಿವರಣೆಯನ್ನು ಬೇಡುತ್ತದೆ.

‘ಶುಲ್ಕವಲ್ಲ, ಖರ್ಚು ಮಾತ್ರ ಪಡೆದೆ’ ಎಂಬ ಸಮಾಧಾನವೂ ಇಲ್ಲಿ ಸಾಲದು. ಖರ್ಚಿನ ಹೆಸರಿನಲ್ಲಿ ಪಡೆದ ಮೊತ್ತವೂ ಸಾಮಾನ್ಯವಾಗಿ ಪ್ರತಿಫಲವೇ. ಇದಕ್ಕೆ ನೇರವಾದ ಉಪಾಯವೆಂದರೆ, ಭತ್ತ, ಉರುವಲು, ಡೀಸೆಲ್ ಮುಂತಾದವನ್ನು ಕಲಿಯುವವನೇ ತನ್ನ ಹಣದಿಂದ ಕೊಂಡು ತರಬೇಕೆಂದು ಆರಂಭದಲ್ಲಿಯೇ ಒಪ್ಪಿಕೊಳ್ಳುವುದು. ಆಗ ಮೊದಲನೇ ಪದರದ ವೆಚ್ಚ ಕಲಿಸುವವನ ಕೈಗೆ ಬರುವುದೇ ಇಲ್ಲ. ಅವನು ಕೊಡುವುದು ತನ್ನ ಸಮಯ ಮತ್ತು ಅನುಭವವನ್ನು ಮಾತ್ರ.

ಆದಾಯ ತೆರಿಗೆಯ ಅಂಶಗಳು

ಪಡೆದ ಶುಲ್ಕ ವ್ಯವಹಾರದ ಆದಾಯವೆಂಬುದು ನಿರ್ವಿವಾದ. ವಸ್ತು ಅಥವಾ ಸೌಲಭ್ಯದ ರೂಪದಲ್ಲಿ ವ್ಯವಹಾರದಿಂದ ಒದಗಿದ ಲಾಭವೂ ಆದಾಯವೆಂದು 1961ರ ಕಾಯ್ದೆಯ ಕಲಂ 28ರ ನಾಲ್ಕನೇ ಉಪಖಂಡ ಹೇಳುತ್ತದೆ. ಇಂತಹ ಲಾಭವು ವರ್ಷಕ್ಕೆ ರೂ. 20,000 ಮೀರಿದರೆ ಕೊಡುವವನು ಶೇ. 10ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೆಂಬ ಕಲಂ 194ಆರ್ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಹಿಂದಿನ ವರ್ಷದಲ್ಲಿ ವ್ಯಾಪಾರದ ವಹಿವಾಟು ರೂ. 1 ಕೋಟಿ ಅಥವಾ ವೃತ್ತಿಯ ಆದಾಯ ರೂ. 50 ಲಕ್ಷ ಮೀರದ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಈ ಕಡಿತದ ಹೊಣೆಯಿಲ್ಲ. ತಾಂತ್ರಿಕ ಅಥವಾ ವೃತ್ತಿಪರ ಸೇವೆಯ ಶುಲ್ಕದ ಮೇಲಿನ ಕಡಿತಕ್ಕೆ ಮಿತಿಯನ್ನು 2025ರ ಏಪ್ರಿಲ್ 1ರಿಂದ ರೂ. 50,000ಕ್ಕೆ ಏರಿಸಲಾಯಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿತವಾಗಿದ್ದು ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಆಯಾ ವರ್ಷಕ್ಕೆ ಅನ್ವಯಿಸುವ ಕಲಮನ್ನು ನೋಡಿಕೊಳ್ಳತಕ್ಕದ್ದು.

ಕರಾರು ಕಾಯ್ದೆ ಏನು ಹೇಳುತ್ತದೆ?

ಬಾಯಿಮಾತಿನ ತರಬೇತಿಯಲ್ಲಿ ವೈಮನಸ್ಯ ಹುಟ್ಟುವುದು ಸಾಮಾನ್ಯವಾಗಿ ಮುಗಿದ ಮೇಲೆ. 1872ರ ಭಾರತೀಯ ಕರಾರು ಕಾಯ್ದೆಯ ಮೂರು ಕಲಮುಗಳು ಇಲ್ಲಿ ಮುಖ್ಯ.

ಕಲಂ 25ರಂತೆ ಪ್ರತಿಫಲವಿಲ್ಲದ ಒಪ್ಪಂದವು ಕೆಲವು ಅಪವಾದಗಳನ್ನು ಬಿಟ್ಟರೆ ಅನೂರ್ಜಿತ. ಉಚಿತವಾಗಿ ಕಲಿಸುತ್ತೇನೆಂದು ಹೇಳಿ ನಡುವೆ ಕೈಬಿಟ್ಟರೆ ಕಲಿಯುವವನು ಮಾತನ್ನು ಜಾರಿಗೊಳಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಅವನು ಯಂತ್ರಕ್ಕಾಗಿ ಮಾಡಿದ ಸಾಲ ಮಾತ್ರ ಬೆಳೆಯುತ್ತಿರುತ್ತದೆ. ಕಲಂ 70ರಂತೆ, ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬನು ಪಡೆದರೆ ಅವನು ಪರಿಹಾರ ಕೊಡಲು ಬದ್ಧ. ಆದುದರಿಂದ ಉಚಿತವೋ ಅಲ್ಲವೋ ಎಂಬುದನ್ನು ಮೊದಲೇ ಹೇಳದಿರುವುದು ಇಬ್ಬರಿಗೂ ಕ್ಷೇಮವಲ್ಲ.

ಮೂರನೆಯದು ಕಲಂ 27. ಅನೇಕರು ಶುಲ್ಕ ಕೇಳದೆ, ಅದರ ಬದಲಿಗೆ ‘ನಮ್ಮ ಊರಿನಲ್ಲಿ ಈ ಧಂದೆ ಹಾಕಬಾರದು’ ಎಂಬ ಮಾತು ಪಡೆದು ಕಲಿಸುತ್ತಾರೆ. ವ್ಯಾಪಾರವನ್ನು ನಿರ್ಬಂಧಿಸುವ ಇಂತಹ ಕರಾರು ಅನೂರ್ಜಿತ. ಸುನಾಮದ ಮಾರಾಟದಂತಹ ಸೀಮಿತ ಅಪವಾದಗಳು ಮಾತ್ರ ಇವೆ. ಕಲಿತವನು ಎರಡೇ ವರ್ಷದಲ್ಲಿ ಎದುರಿನ ಬೀದಿಯಲ್ಲಿ ಅಂಗಡಿ ತೆರೆದರೆ ಆ ಮಾತಿನಿಂದ ಅವನನ್ನು ತಡೆಯಲಾಗದು. ಸ್ಪರ್ಧೆಯ ಭಯ ನಿಜವಾದುದಾದರೆ ಅದನ್ನು ಶುಲ್ಕದಲ್ಲಿಯೇ ಲೆಕ್ಕ ಹಾಕಬೇಕು, ಇಲ್ಲವೆ ಕಲಿಸಲು ಒಪ್ಪಬಾರದು. ಆದರೆ ಗಿರಾಕಿಗಳ ಪಟ್ಟಿ, ಖರೀದಿ ದರ ಮುಂತಾದ ಗೋಪ್ಯ ಮಾಹಿತಿಯನ್ನು ತರಬೇತಿಯಿಂದ ಹೊರಗಿಡುವುದು ಕಲಿಸುವವನ ಕೈಯಲ್ಲಿಯೇ ಇದೆ.

ಸಂಘಗಳು ಎಲ್ಲರಿಗೂ ಒಂದೇ ದರ ಗೊತ್ತುಮಾಡಿದರೆ ಸಮಸ್ಯೆ ಬಗೆಹರಿಯುವುದಿಲ್ಲವೆ ಎಂದು ಕೇಳಬಹುದು. ಇಲ್ಲಿಯೂ ಎಚ್ಚರಿಕೆ ಬೇಕು. 2002ರ ಸ್ಪರ್ಧಾ ಕಾಯ್ದೆಯ ಕಲಂ 3ರಂತೆ, ಪರಸ್ಪರ ಸ್ಪರ್ಧಿಗಳು ಸೇರಿ ಬೆಲೆ ನಿಗದಿಪಡಿಸುವ ಒಪ್ಪಂದವು ಸ್ಪರ್ಧೆಗೆ ಹಾನಿಕರವೆಂದೇ ಭಾವಿಸಲ್ಪಡುತ್ತದೆ. ಸಂಘವು ಮಾದರಿ ಒಪ್ಪಂದ ಪತ್ರ ಒದಗಿಸಬಹುದು, ವೆಚ್ಚ ಲೆಕ್ಕ ಹಾಕುವ ಕ್ರಮ ತಿಳಿಸಬಹುದು, ದರವನ್ನು ವಿಧಿಸಬಾರದು.

ಕಲಿಯುವವನಿಗೆ ಸರ್ಕಾರದ ನೆರವು

ಶುಲ್ಕ ಕೊಡಲಾಗದವನು ಕಲಿಕೆಯಿಂದ ವಂಚಿತನಾಗಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು 18 ಕಸುಬುಗಳಿಗೆ ಅನ್ವಯಿಸುತ್ತದೆ. ಅದರಲ್ಲಿ ತರಬೇತಿ ಪಡೆಯುವವನಿಗೇ ದಿನಕ್ಕೆ ರೂ. 500 ಭತ್ಯೆಯೂ, ಉಪಕರಣಗಳಿಗಾಗಿ ರೂ. 15,000ದವರೆಗೆ ನೆರವೂ ಇದೆ. ದರ್ಜಿ, ಬಡಗಿ, ಕಮ್ಮಾರ, ಕುಂಬಾರರ ಜೊತೆಗೆ ಹೂಮಾಲೆ ಕಟ್ಟುವವರೂ ಈ ಪಟ್ಟಿಯಲ್ಲಿರುವುದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಲ್ಲಿಗೆಯ ಊರಾದ ಹಡಗಲಿಯವರು ಗಮನಿಸಬೇಕಾದ ಸಂಗತಿ. 1961ರ ಶಿಶಿಕ್ಷು ಕಾಯ್ದೆಯಡಿ ಶಿಶಿಕ್ಷುವಿಗೆ ಉದ್ದಿಮೆದಾರನೇ ಭತ್ಯೆ ಕೊಡುತ್ತಾನೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಶಿಶಿಕ್ಷುಗಳ ನೇಮಕ ಕಡ್ಡಾಯ. 4ರಿಂದ 29 ಜನರಿರುವ ಸಂಸ್ಥೆಗೆ ಐಚ್ಛಿಕ. ಕಲಿಕೆಯ ವೆಚ್ಚವನ್ನು ಯಾರಾದರೊಬ್ಬರು ಭರಿಸಲೇಬೇಕೆಂಬುದನ್ನು ಈ ಯೋಜನೆಗಳು ಒಪ್ಪಿಕೊಂಡಿವೆ. ಯಾರೆಂಬುದನ್ನು ಮುಂಚಿತವಾಗಿ ಗೊತ್ತುಪಡಿಸಿವೆ.

ಅನುಸರಿಸಬಹುದಾದ ಕ್ರಮ

ಮೇಲಿನ ಎಲ್ಲವನ್ನೂ ಒಟ್ಟುಗೂಡಿಸಿದರೆ ಸಣ್ಣ ಉದ್ದಿಮೆದಾರರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಇಂಧನ, ಕಚ್ಚಾ ಸರಕಿನ ಖರ್ಚನ್ನು ಕಲಿಯುವವನೇ ನೇರವಾಗಿ ಭರಿಸಲಿ. ಇದನ್ನು ಬಿಟ್ಟುಕೊಡುವುದಾದರೆ ಪಾಲುದಾರರ ಒಪ್ಪಿಗೆ ಇರಲಿ.

2. ಸಮಯದ ಬೆಲೆಯನ್ನು ಬಿಡುವ ಇಚ್ಛೆಯಿದ್ದರೆ ಕೆಲಸ ಕಡಿಮೆಯಿರುವ ತಿಂಗಳನ್ನು ಆರಿಸಿಕೊಳ್ಳುವುದು.

3. ಪ್ರಮಾಣಪತ್ರ ಕೊಡುವ ತರಬೇತಿಯನ್ನು ಪೂರ್ಣ ಗಂಟೆ, ಪೂರ್ಣ ದಾಖಲೆಯೊಡನೆ ನಡೆಸುವುದು. ಅದಕ್ಕೆ ರಿಯಾಯಿತಿ ದರದಲ್ಲಾದರೂ ಶುಲ್ಕ ಪಡೆಯುವುದು ಲೇಸು.

4. ನೋಂದಣಿ ಇಲ್ಲದವರು ಶುಲ್ಕ ಪಡೆಯುವ ಮೊದಲು ರೂ. 20 ಲಕ್ಷದ ಮಿತಿಯನ್ನು ಪರಿಶೀಲಿಸುವುದು.

5. ಮುಯ್ಯಿಯ ಕರಾರಾದರೆ ಎರಡೂ ಕಡೆಯ ಮೌಲ್ಯವನ್ನು ಬರೆದು, ನೋಂದಾಯಿತರಾಗಿದ್ದರೆ ಬಿಲ್ಲು ಮಾಡುವುದು.

6. ಉಚಿತವೆ, ಎಷ್ಟು ದಿನ, ಹಾನಿಯಾದರೆ ಯಾರ ಹೊಣೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು.

ಕೊಟ್ಟೂರೇಶ್ವರನ ಸನ್ನಿಧಿಯಲ್ಲೋ ಮೈಲಾರದ ಜಾತ್ರೆಯಲ್ಲೋ ಎದುರಾದಾಗ ಮುಖ ತಿರುಗಿಸದೆ ಮಾತನಾಡುವ ಸಂಬಂಧ ಈ ಭಾಗದ ವರ್ತಕರ ದೊಡ್ಡ ಬಂಡವಾಳ. ಆ ಸಂಬಂಧ ಕೆಡುವುದು ಶುಲ್ಕ ಕೇಳಿದ್ದರಿಂದಲ್ಲ. ಕೇಳುವರೋ ಇಲ್ಲವೋ ತಿಳಿಯದೆ ಕಲಿತು ಮುಗಿಸಿದ ಮೇಲೆ ಬರುವ ಬಿಲ್ಲಿನಿಂದ, ಅಥವಾ ಬಾರದ ಬಿಲ್ಲಿಗೆ ಪ್ರತಿಯಾಗಿ ಮನಸ್ಸಿನಲ್ಲಿ ಉಳಿದ ನಿರೀಕ್ಷೆಯಿಂದ. ಮುಯ್ಯಾಳಿಗೆ ಹೋಗುವ ರೈತನು ಎಷ್ಟು ದಿನವೆಂದು ಕೇಳಿಕೊಂಡೇ ಹೊಲಕ್ಕೆ ಇಳಿಯುತ್ತಾನೆ. ಕಸುಬು ಕಲಿಸುವವರೂ ಕಲಿಯುವವರೂ ಅಷ್ಟನ್ನು ಮೊದಲೇ ಕೇಳಿಕೊಂಡರೆ ಲೆಕ್ಕವೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ.